ಜಿನಮ್ಮ ಕುದಿಸಿದ ನೀರು

ಔಷಧಿ ಹೊಡೆದೂ ಹೊಡೆದೂ ಚನ್ನರಾಯಪಟ್ಟಣದ ಹತ್ತಿರದ ನಮ್ಮ ಮೆಣಸಿನಕಾಯಿ ಹೊಲದಲ್ಲಿ ಒಂದು ಎರೆಹುಳವೂ ಉಳಿದಿರಲಿಲ್ಲ. ಮಣ್ಣಿನ ವಿಷವನ್ನು ತಿಂದು ಕರಗಿಸುವ ಬ್ಯಾಕ್ಟೀರಿಯಾದ ಎರಡು ಪೊಟ್ಟಣ ಕೊಟ್ಟ ಕೃಷಿ ವಿಜ್ಞಾನಿ ಪ್ರಿಯಂವದಾ, "ಬೆಲ್ಲದ ನೀರಲ್ಲಿ ನೆನೆಸಿಟ್ಟು, ನಾಳೆ ಹೊಲಕ್ಕೆ ಚೆಲ್ಲಿ" ಎಂದಿದ್ದರು.

ರಾತ್ರಿ ಒಂದು ಪೊಟ್ಟಣ ನೆನೆಸಿಟ್ಟೆ. ಬೆಳಿಗ್ಗೆ ಎದ್ದು ನೋಡಿದರೆ ನಮ್ಮತ್ತೆ ಜಿನಮ್ಮ ಆ ನೀರನ್ನು ಒಲೆಯ ಮೇಲಿಟ್ಟು ಕೊತಕೊತ ಕುದಿಸುತ್ತಿದ್ದಾರೆ!

"ಜೈನರ ಮನೇಲಿ ಕಾಯಿಸದ ನೀರು ಬಳಸ್ತಾರೇನೇ ಕ್ಷಮಾ? ಜೀವಹಿಂಸೆ ಅಲ್ವಾ?"

"ಅಯ್ಯೋ ಅತ್ತೆ, ಕೋಟ್ಯಂತರ ಜೀವ ಬೇಯಿಸಿಬಿಟ್ರಲ್ಲಾ!" ಎಂದು ರೇಗಿದೆ.

ಅತ್ತೆ ಪ್ರಾಯಶ್ಚಿತ್ತಕ್ಕೆಂದು ಅವತ್ತಿಡೀ ಉಪವಾಸ ಕೂತರು. ಎರಡನೇ ಪೊಟ್ಟಣವನ್ನು ತಣ್ಣೀರಲ್ಲಿ ತಾವೇ ಕಲಸಿ, ಕೈಯಾರೆ ಹೊಲಕ್ಕೆಲ್ಲ ಚೆಲ್ಲಿ ಬಂದರು.

ಮರುವರ್ಷ ಎರೆಹುಳಗಳು ಮತ್ತೆ ಕಾಣಿಸಿಕೊಂಡವು. ಈಗ ಹೊಸ ಪಜೀತಿ: ಹುಳಕ್ಕೆ ಪೆಟ್ಟಾಗುತ್ತೆ ಅಂತ ಅತ್ತೆ ಹೊಲಕ್ಕೆ ನೇಗಿಲೇ ಇಳಿಸಗೊಡುತ್ತಿಲ್ಲ.