ಬೆಳ್ಳಿಯಣ್ಣನ ತಪ್ಪು

ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಬರೆದವರ ಕಥೆಯೂ ಅಷ್ಟೇ. ಅರವಂಕಾಡಿನ ಮದ್ದುಗುಂಡಿನ ಫ್ಯಾಕ್ಟರಿಯಿಂದ ರಿಟೈರ್ ಆದ ನಂಜುಂಡನ್, ತೀರಿಹೋದ ತಮ್ಮ ಅಣ್ಣ ಬೆಳ್ಳಿಯ ಬಗ್ಗೆ ಒಂದು ಪುಸ್ತಕ ಬರೆದರು. ತಮಿಳಿನಲ್ಲಿ ಬರಿ ಎಂದವರಿಗೆಲ್ಲ, ನಮ್ಮ ಬೆಟ್ಟದ ಬಡಗ ಮಾತಿಗೆ ಕನ್ನಡವೇ ಹತ್ತಿರ ಎಂದು ಜಗಳ ಕಾಯ್ದು ಕನ್ನಡದಲ್ಲೇ ಬರೆದರು. ಆಮೇಲೆ ಮೈಸೂರಿನ ಅಮೃತಾ ಎಂಬ ಸಂಪಾದಕಿಗೆ ಫೀಸು ಕೊಟ್ಟು ತಿದ್ದಲು ಕಳಿಸಿದರು. ಆಕೆ ಕಾಗುಣಿತ ನೋಡಿ, ಎರಡು ಒಳ್ಳೆಯ ಮಾತು ಹೇಳಿ ವಾಪಸು ಕಳಿಸುತ್ತಾಳೆ ಎಂದು ಅವರ ಲೆಕ್ಕ.

ಅಮೃತಾ ಫೋನ್ ಮಾಡಿ ಒಳ್ಳೆಯ ಮಾತನ್ನೂ ಹೇಳಿದಳು. ಅವರ ಹುಟ್ಟೂರು ಕೂಕಲ್ತೊರೈಯ ಆಲೂಗಡ್ಡೆ ಹೊಲವನ್ನು ಬೆಳ್ಳಿ ಒಬ್ಬನೇ ಅಗೆದು ಟೀ ಸಸಿ ನೆಟ್ಟ ಅಧ್ಯಾಯ ಓದಿ ಕಣ್ಣಿಗೆ ಕಟ್ಟಿದಂತಾಯಿತು ಎಂದಳು. ಅಲ್ಲಿಗೇ ನಿಲ್ಲಿಸಬಾರದೇ?

"ಸರ್, ಪುಸ್ತಕ ಪೂರ್ತಿ ಹುಡುಕಿದರೂ ನಿಮ್ಮ ಅಣ್ಣ ಒಂದು ತಪ್ಪೂ ಮಾಡಿಲ್ಲ. ಅವರು ಮನುಷ್ಯರು ಅಂತ ನಾನು ಹೇಗೆ ನಂಬಲಿ?"

ನಂಜುಂಡನ್‌ಗೆ ಪಿತ್ತ ನೆತ್ತಿಗೇರಿತು. ದುಡ್ಡೂ ಕೊಟ್ಟು ಅಣ್ಣನ ಮೇಲೆ ಮಾತೂ ಕೇಳಬೇಕೇ! ಆದರೂ ತಾಳ್ಮೆ ತಂದುಕೊಂಡು ತಮ್ಮ ಬಡಗ ಜನರ ಸಾವಿನ ಪದ್ಧತಿ ವಿವರಿಸಿದರು. ಸತ್ತವನನ್ನು ಸಾಗಿಸುವ ಮೊದಲು ಹಿರಿಯನೊಬ್ಬ ಅವನ ಪಾಪಗಳನ್ನು ಒಂದೊಂದಾಗಿ ಕೂಗಿ ಹೇಳುತ್ತಾನೆ. ಒಂದೊಂದಕ್ಕೂ ಹಟ್ಟಿಯ ಜನವೆಲ್ಲ ಸೇರಿ, ಹೋಗಲಿ ಎನ್ನುತ್ತಾರೆ. ಅಲ್ಲಿಗೆ ಮುಗಿಯಿತು. ಹೋದದ್ದನ್ನು ಮತ್ತೆ ಪುಸ್ತಕಕ್ಕೆ ಕರೆದು ಕೂರಿಸಿದರೆ ಅಣ್ಣನನ್ನು ದಾಟಿದ ದಾರಿಯಲ್ಲಿ ಹಿಂದಕ್ಕೆ ಎಳೆದ ಹಾಗೆ.

ಏನೇನು ಪಾಪ ಹೇಳಿದರು ಎಂದು ಆಕೆ ಮೆಲ್ಲಗೆ ಕೇಳಿದಳು. ಗಡಿಕಲ್ಲು ಸರಿಸಿದ್ದು, ಹಾವು ಕೊಂದದ್ದು, ಪಕ್ಕದವನ ಬೆಳೆ ನೋಡಿ ಹೊಟ್ಟೆ ಉರಿದದ್ದು ಎಂದು ನಂಜುಂಡನ್ ಹೇಳುತ್ತ ಹೋದರು. ಇದು ಎಲ್ಲರಿಗೂ ಹೇಳುವುದಾ ಎಂದಳು. ಹೌದು, ಯಾರು ಸತ್ತರೂ ಇದನ್ನೇ ಹೇಳುವುದು ಎಂದರು.

"ಹಾಗಾದರೆ ನಿಮ್ಮ ಅಣ್ಣನದೇ ಅಂತ ಇದ್ದದ್ದು?"

ಅವರು ಫೋನ್ ಇಟ್ಟುಬಿಟ್ಟರು. ಉತ್ತರ ಗೊತ್ತಿತ್ತು, ಅದಕ್ಕೇ ಇಟ್ಟರು. ಒಂದು ವರ್ಷ ಟೀ ಎಲೆ ಒಳ್ಳೇ ಚಿಗುರಿದ್ದಾಗ ಅತ್ತಿಗೆ ಮಾದಿಯ ತಾಯಿ ತವರಿನಲ್ಲಿ ಹಾಸಿಗೆ ಹಿಡಿದಿದ್ದಳು. ಎಲೆ ಬಲಿತರೆ ಟೀ ಫ್ಯಾಕ್ಟರಿಯವರು ತೆಗೆದುಕೊಳ್ಳುವುದಿಲ್ಲ, ಕೊಯ್ದು ಮುಗಿಸಿ ಹೋಗು ಎಂದು ಅಣ್ಣ ಅವಳನ್ನು ಬಿಡಲಿಲ್ಲ. ಕೊಯ್ದು ಮುಗಿಯುವಷ್ಟರಲ್ಲಿ ತಾಯಿ ಮುಗಿದಿದ್ದಳು. ಆ ಮಾತನ್ನು ಮನೆಯಲ್ಲಿ ಆಮೇಲೆ ಯಾರೂ ಎತ್ತಲಿಲ್ಲ. ಹೆತ್ತವ್ವನ ಹಾಗೆ ತಮ್ಮನ್ನು ಸಾಕಿದ ಅತ್ತಿಗೆ. ಆ ಗಾಯ ಕೆದಕಿ ಪುಸ್ತಕ ಮಾಡುವುದಕ್ಕಿಂತ ಪುಸ್ತಕವೇ ಬೇಡ ಎನಿಸಿತು ನಂಜುಂಡನ್‌ಗೆ.

ಅದನ್ನೇ ಹೇಳಲು ಮರುದಿನ ಕೂಕಲ್ತೊರೈಗೆ ಹೋದರು. ಮಾದಿಯಮ್ಮ ಜಗಲಿಯಲ್ಲಿ ಕೂತು ಅವರೆ ಸುಲಿಯುತ್ತಿದ್ದರು. ಮೈಸೂರಿನ ಹುಡುಗಿಗೆ ನಮ್ಮ ಪದ್ಧತಿ ತಿಳಿಯದು, ಪುಸ್ತಕ ವಾಪಸು ತರಿಸುತ್ತೇನೆ ಎಂದು ನಂಜುಂಡನ್ ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಮಾತಾಡಿದರು. ಅವಳು ಕೇಳಿದ್ದೇನು ಎಂದು ಮಾದಿಯಮ್ಮ ಬಿಡದೆ ಕೇಳಿದ ಮೇಲೆ ಹೇಳಲೇಬೇಕಾಯಿತು.

ಮಾದಿಯಮ್ಮನ ಕೈ ನಿಂತಿತು.

"ನಿನ್ನ ಅಣ್ಣ ಸತ್ತಂದು ಹೇಳಿದ್ದು ಊರಿನವರೆಲ್ಲರ ಪಾಪ, ನಂಜುಂಡಾ. ಎನ್ನ ಅವ್ವೆ ವಿಷಯ ಯಾರೂ ಹೇಳಲಿಲ್ಲೆ. ಎಲ್ಲಾರೂ ಹೋಗಲಿ ಹೋಗಲಿ ಅಂದ್ರು. ನಾ ಬಾಯೇ ಬಿಡಲಿಲ್ಲೆ."

ಹೆಂಗಸರ ನಡುವೆ ತಲೆ ತಗ್ಗಿಸಿ ಕೂತಿದ್ದವಳು ದುಃಖಕ್ಕೆ ಸುಮ್ಮನಿದ್ದಾಳೆ ಎಂದೇ ಅಂದು ಅವರೂ ಎಣಿಸಿದ್ದರು, ಊರೂ ಎಣಿಸಿತ್ತು. 

"ಬರಿ. ಬರೆದು ಎನಗೆ ಓದು," ಎಂದರು ಮಾದಿಯಮ್ಮ.

ಅಲ್ಲೇ ಜಗಲಿಯಲ್ಲಿ ಕೂತು ಬರೆದರು. ಎಲೆ ಚಿಗುರಿದ್ದು, ಅಣ್ಣ ತಡೆದದ್ದು, ಅತ್ತಿಗೆ ಅಳುತ್ತಲೇ ಎಲೆ ಕೊಯ್ದದ್ದು, ಯಾವುದನ್ನೂ ಬಿಡಲಿಲ್ಲ. ಬರೆದದ್ದನ್ನು ಓದಿ ಹೇಳಿದರು. ಮಾದಿಯಮ್ಮ ಕಣ್ಣು ಮುಚ್ಚಿ ಪೂರ್ತಿ ಕೇಳಿದರು.

"ಉದ್ದಕ್ಕೂ ಮಾದಿಯ ಅವ್ವೆ, ಮಾದಿಯ ಅವ್ವೆ ಅಂತ ಬರೆದಿದ್ದೀಯ," ಎಂದರು. "ಅವಳಿಗೆ ಹೆಸರಿಲ್ಲೆಯಾ?"

ನಂಜುಂಡನ್ ನೆನಪು ಮಾಡಿಕೊಳ್ಳಲು ನೋಡಿದರು. ಆ ಹೆಸರು ಅವರಿಗೆ ಗೊತ್ತೇ ಇರಲಿಲ್ಲ. ಇಷ್ಟು ವರ್ಷ ಈ ಮನೆಯಲ್ಲಿ ಯಾರೂ ಅದನ್ನು ಕೇಳಿರಲಿಲ್ಲ.

"ಹೇಳು ಅತ್ತಿಗೆ," ಎಂದು ಅವರು ಮತ್ತೆ ಪೆನ್ನು ಹಿಡಿದರು.