ಮೂರನೇ ಸಾಲಿನ ಕುರ್ಚಿ

ಗುರುಬಸವ ಮತ್ತೆ ಔಟಾದ. ಔಟಾದವನು ತೆರೆಯ ಮೇಲಿನ ಗುರುಬಸವ. ಅವನನ್ನು ಸೃಷ್ಟಿಸಿದ ನಿಜವಾದ ಗುರುಬಸವ ಕೂಕಟ್‌ಪಲ್ಲಿಯ ಆಫೀಸಿನಲ್ಲಿ, ಚಹಾ ಆರಿಹೋದದ್ದೂ ತಿಳಿಯದೆ ಉಗುರು ಕಡಿಯುತ್ತ ಕೂತಿದ್ದ.

ಕಂಪನಿ ಪರದೇಶದವರಿಗಾಗಿ ಬೇಸ್‌ಬಾಲಿನ ಕಂಪ್ಯೂಟರ್ ಆಟ ತಯಾರಿಸುತ್ತಿತ್ತು. ಆ ಮಹಡಿಯಲ್ಲಿ ಬೇಸ್‌ಬಾಲನ್ನು ಕಣ್ಣಾರೆ ಕಂಡವರು ಒಬ್ಬರೂ ಇರಲಿಲ್ಲ, ಅದು ಬೇರೆ ಮಾತು. ಪರೀಕ್ಷೆಗೆಂದು ಆಡಿಸುವಾಗ ಆಟಗಾರರಿಗೆ ತಮ್ಮ ಹೆಸರು, ಪ್ರೇಕ್ಷಕರಿಗೆ ಮನೆಮಂದಿಯ ಮುಖ ಇಡುವುದು ಅಲ್ಲಿನವರ ಹುಡುಗಾಟ. ಗುರುಬಸವ ತನ್ನ ಹೆಸರಿನವನಿಗೆ ಎಲ್ಲರಿಗಿಂತ ಹೆಚ್ಚು ಸಾಮರ್ಥ್ಯ ಕೊಟ್ಟಿದ್ದ. ಆದರೂ ಆ ಮಹಾಶಯ ಬ್ಯಾಟು ಬೀಸಿದಾಗೆಲ್ಲ ಚೆಂಡು ತಪ್ಪಿಹೋಗುತ್ತಿತ್ತು.

"ಮೈದಾನ ತೋರಿಸದೆ ಬರೀ ಕಂಪ್ಯೂಟರ್ ಲೆಕ್ಕದಲ್ಲೇ ಆಡಿಸಿದ್ರೆ ಚೆನ್ನಾಗೇ ಆಡ್ತಾನೆ ಸರ್," ಎಂದಳು ಪಕ್ಕದ ಮೇಜಿನ ಸತ್ಯಭಾಮಾ, ಮೈಸೂರಿನವಳು. "ಜನರನ್ನ ಕೂರಿಸಿದ್ರೆ ಮಾತ್ರ ಕೆಡ್ತಾನೆ. ನೋಡಿ, ಹೊಡೆಯೋ ಮುಂಚೆ ಆ ಕಡೆ ತಿರುಗ್ತಾನೆ."

ತೆರೆಯಲ್ಲಿ, ಪ್ರೇಕ್ಷಕರ ಮೂರನೇ ಸಾಲಿನಲ್ಲಿ ರುಮಾಲು ಸುತ್ತಿದ, ದಪ್ಪ ಮೀಸೆಯ ಮುದುಕನೊಬ್ಬ ಕೂತಿದ್ದ.

"ಯಾರಿವರು?"

"ನಮ್ಮಪ್ಪ, ಅಮೃತಪ್ಪ. ತೀರಿಕೊಂಡು ಭಾಳ ದಿನ ಆತು."

"ತಲೆ ತಿರುಗಿಸೋದನ್ನ ನಾವು ಪ್ರೋಗ್ರಾಮಲ್ಲಿ ಬರೆದೇ ಇಲ್ವಲ್ಲ ಸರ್?"

ಬರೆದಿರಲಿಲ್ಲ. ಗುರುಬಸವ ತೆರೆಯ ಮೇಲಿನ ಅಪ್ಪನ ಮುಖವನ್ನೇ ನೋಡಿದ. ಹಿಂದೆ ಊರಲ್ಲಿ, ಸೇಡಂನಲ್ಲಿ, ಅವನ ಕ್ರಿಕೆಟ್ ಪಂದ್ಯವಿದ್ದರೆ ಅಮೃತಪ್ಪ ಅಂಗಡಿ ಮುಚ್ಚಿ ಬಂದು ಬೇವಿನ ಮರದಡಿ ಕೂರುತ್ತಿದ್ದ. ಬೈಯುತ್ತಿರಲಿಲ್ಲ, ಹುರಿದುಂಬಿಸುತ್ತಲೂ ಇರಲಿಲ್ಲ. ಮಗ ಔಟಾದ ಕೂಡಲೇ ಎದ್ದು, ಧೋತರದ ಹಿಂಭಾಗ ಪಟಪಟನೆ ಕೊಡವಿಕೊಂಡು ಹೋಗಿಬಿಡುತ್ತಿದ್ದ. ಅಪ್ಪನ ಎದುರು ಅವನು ಒಮ್ಮೆಯೂ ಚೆನ್ನಾಗಿ ಆಡಲಿಲ್ಲ. ಧೋತರ ಕೊಡವುವ ಆ ಸದ್ದು ಅವನಿಗೆ ಈಗಲೂ ನೆನಪಿದೆ.

ಅಪ್ಪನನ್ನು ದೂರದ ಮೂಲೆಗೆ ಸರಿಸಿದ. ಆಟಗಾರ ಆ ಮೂಲೆಗೆ ತಿರುಗಿದ. ಕೊನೆಗೆ ಅಪ್ಪನನ್ನು ಅಳಿಸಿಯೇಬಿಟ್ಟ. ಆಟಗಾರ ಈಗ, ಅಪ್ಪ ಮೊದಲು ಕೂತಿದ್ದ ಮೂರನೇ ಸಾಲಿನ ಖಾಲಿ ಕುರ್ಚಿಯನ್ನು ನೋಡಿ ಔಟಾದ. ಸತ್ಯಭಾಮಾ ಶಾಲು ಎಳೆದುಕೊಂಡಳು.

ಅಷ್ಟರಲ್ಲಿ ಹೆಂಡತಿ ಭವಾನಿಯ ಫೋನು ಬಂತು, ಲಿಂಗಂಪಲ್ಲಿಯ ಬ್ಯಾಡ್ಮಿಂಟನ್ ಹಾಲಿನಿಂದ. "ಪಿಂಕಿ ಆಟ ಶುರು ಆಗತೈತಿ. ಪಪ್ಪಾ ಬರೋದು ಬ್ಯಾಡ ಅನ್ನಾಕತ್ತಾಳ್ರಿ. ಇವತ್ತ ಸೋತ್ರ ತಂಡದಾಗ ಜಾಗ ಸಿಗಂಗಿಲ್ಲಂತ."

"ನಾ ಏನ್ ಮಾಡೀನಿ? ಒಂದಿನಾನೂ ಬೈದಿಲ್ಲ."

"ಹೌದ್ರಿ, ಬೈದಿಲ್ಲ. ಬರೇ ಕುಂತು ನೋಡ್ತೀರಿ. ನೀವು ಕುಂತ್ರ ಆಕಿ ಆಟ ಕೆಡತೈತಿ. ದಿನಾ ತಾನ ಸೋಲಿಸೋ ಹುಡಿಗ್ಯಾರ ಕೈಯಾಗ ಸೋಲ್ತಾಳ."

ಗುರುಬಸವ ತೆರೆಯ ಮೇಲಿನ ಖಾಲಿ ಕುರ್ಚಿಯ ಕಡೆ ನೋಡಿದ. "ಆತು, ಬರಂಗಿಲ್ಲ," ಎಂದ. ಆದರೆ ಮನಸ್ಸು ತಡೆಯಲಿಲ್ಲ, ಆಟೊ ಹತ್ತಿದ. ಹಾಲಿನೊಳಗೆ ಕಾಲಿಡದೆ, ಹಿಂದಿನ ಕಿಟಕಿಯ ಸರಳುಗಳ ಸಂದಿಯಿಂದ ಇಣುಕಿದ. ಮಗಳಿಗೆ ಕಾಣುವ ಜಾಗವಲ್ಲ ಅದು.

ಆಟ ಕೊನೆಗೆ ಬಂದಿತ್ತು. ಇನ್ನೊಂದು ಪಾಯಿಂಟ್ ಹೋದರೆ ಪಿಂಕಿ ಸೋತಂತೆ. ಸರ್ವ್ ಮಾಡಲು ನಿಂತವಳು ತಲೆಯೆತ್ತಿದಳು. ಮೂರನೇ ಸಾಲಿನಲ್ಲಿ ಭವಾನಿಯ ಪಕ್ಕ, ಅವನು ಯಾವಾಗಲೂ ಕೂರುವ ಕುರ್ಚಿ ಖಾಲಿಯಿತ್ತು. ಅವಳು ಅದನ್ನೇ ನೋಡಿದಳು.

"ನೋಡಬ್ಯಾಡ ಪಿಂಕಿ, ಅಲ್ಲಿ ಯಾರೂ ಇಲ್ಲ," ಎಂದು ಅವನು ಸರಳು ಹಿಡಿದು ಪಿಸುಗುಟ್ಟಿದ.

ಶಟಲ್ ನೆಟ್‌ಗೆ ತಾಗಿ ಅವಳ ಕಡೆಯೇ ಬಿತ್ತು.

ಒಳಗೆ ಚಪ್ಪಾಳೆ ಎದ್ದಿತು. ಹೊರಗೆ, ತೀರ ಹತ್ತಿರದಲ್ಲಿ, ಪಟಪಟನೆ ಬಟ್ಟೆ ಕೊಡವುವ ಸದ್ದು. ಗುರುಬಸವ ಬೆಚ್ಚಿ ಹಿಂತಿರುಗಿದ. ಯಾರೂ ಇರಲಿಲ್ಲ. ಅವನದೇ ಕೈ ಪ್ಯಾಂಟಿನ ಹಿಂಭಾಗ ಕೊಡವುತ್ತಿತ್ತು. ಅವನು ಎಲ್ಲಿಯೂ ಕೂತೇ ಇರಲಿಲ್ಲ.