ಬೆವರುಸಾಲೆ

ಹೆಣದ ಕೊರಳಿನಿಂದ ಮಗಳ ಕೈ ಬಿಡಿಸಲು ಇಬ್ಬರು ಹೆಂಗಸರು ಸಾಲಲಿಲ್ಲ. ಒಂದು ಬೆರಳು ಎತ್ತಿದರೆ ಇನ್ನೊಂದು ಕೂರುತ್ತಿತ್ತು.

“ಬೇಗ ಮುಗಿಸ್ರಪ್ಪ, ನನಗೆ ಇನ್ನೊಂದು ಮನೆ ಇದೆ,” ಎಂದ ಶವದ ವ್ಯಾನಿನ ಡ್ರೈವರ್.

“ಸ್ವಲ್ಪ ತಡಿ,” ಎಂದರು ನಿವೃತ್ತ ಕಂಡಕ್ಟರ್. “ಅವಳಿಗೆ ಕಿವಿ ಕೇಳಲ್ಲ, ಕಣ್ಣಿಗೆ ಬರೀ ಬೆಳಕು ಗೊತ್ತಾಗುತ್ತೆ. ಅಮ್ಮನ ಗಂಟಲು ಮುಟ್ಟಿಯೇ ಮಾತು ಕೇಳ್ತಿದ್ದದ್ದು. ಇವತ್ತು ಯಾಕೆ ಮಾತಾಡ್ತಿಲ್ಲ ಅಂತ ಹುಡುಕ್ತಿದಾಳೆ.”

ಸತ್ತವಳು ಇಪ್ಪತ್ತೈದು ವರ್ಷ ಬಸ್ ನಿಲ್ದಾಣದ ಮೈಕಿನಲ್ಲಿ ಬಸ್ಸುಗಳನ್ನು ಕೂಗಿದವಳು. ಎಲ್ಲರಿಗೂ ಮೈಕಮ್ಮ. ನಿನ್ನೆ ಮಧ್ಯಾಹ್ನ ಮೈಕಿನ ಮುಂದೆಯೇ ಮಾತು ತೊದಲಿ ಕುರ್ಚಿಯಿಂದ ಜಾರಿದ್ದಳು. ಅರ್ಧ ಕೂಗಿದ ಬಸ್ಸು ಯಾವುದೆಂದು ತಿಳಿಯದೆ ಜನ ಸ್ವಲ್ಪ ಹೊತ್ತು ಗಂಟುಮೂಟೆ ಹೊತ್ತು ಅತ್ತಿತ್ತ ಓಡಾಡಿದರಂತೆ.

“ಇವಳು ಕೂಗಿದ್ರೆ ಕೆಟ್ಟು ನಿಂತ ಬಸ್ಸೂ ಬರ್ತಿತ್ತು,” ಎಂದರು ಕಂಡಕ್ಟರ್. “ಬಿಟ್ಟು ಹೋದ ಗಂಡ ಒಬ್ಬ ಬರ್ಲಿಲ್ಲ.”

ಒಂದಿಬ್ಬರು ನಕ್ಕು ಬಾಯಿಗೆ ಕೈ ಅಡ್ಡ ಹಿಡಿದರು.

ಕೊನೆಗೆ ಸತ್ತವಳ ಅಕ್ಕನ ಮಗ ಹುಡುಗಿಯನ್ನು ಎತ್ತಿ ಗೋಡೆಯ ಬದಿ ಕೂರಿಸಿದ. ಇಪ್ಪತ್ತನಾಲ್ಕು ವರ್ಷದವಳು ಹತ್ತು ವರ್ಷದವಳ ತೂಕವಿದ್ದಳು.

“ಅಮ್ಮ, ಪುಟ್ಟಿ ನಮ್ಮ ಮನೆಗೆ ಬರ್ಲಿ,” ಎಂದ ತನ್ನ ತಾಯಿಗೆ. “ಆಶ್ರಮದಲ್ಲಿ ಇವಳ ಹತ್ರ ಯಾರು ಮಾತಾಡ್ತಾರೆ?”

“ನಾಳೆ ಬೆಳಿಗ್ಗೆ ಅವರು ಬರ್ತಾರೆ. ಹೇಳಿ ಆಗಿದೆ.”

“ಬೇಡ ಅಂದ್ರಾಯ್ತು.”

“ನಿನ್ನ ಹೆಂಡತಿಗೆ ಈಗ ಎರಡು ತಿಂಗಳು. ಇವಳದ್ದು ಅಂಟಿದ್ರೆ?”

“ಇವಳಿಗೆ ಹೊಟ್ಟೆಯೊಳಗೇ ಆಗಿದ್ದು, ಈಗ ಅಂಟಲ್ಲ ಅಂತ ಚಿಕ್ಕಮ್ಮ ಹೇಳ್ತಿದ್ರಲ್ಲ.”

“ನಿನ್ನ ಚಿಕ್ಕಮ್ಮ ಯಾವ ದೊಡ್ಡ ಡಾಕ್ಟರು?”

“ಹೋಗ್ಲಿ, ಚಿಕ್ಕಮ್ಮಂಗೆ ಎಲ್ಲಿಂದ ಅಂಟಿತ್ತು?”

“ಬಸ್ ಸ್ಟ್ಯಾಂಡಿಂದ. ಊರೆಲ್ಲ ಬಂದು ಕೆಮ್ಮೋ ಜಾಗ,” ಎಂದು ಅಕ್ಕ ಹೆಣದ ಮೇಲಿನ ಚಾದರ ಎಳೆದು ಸರಿ ಮಾಡಿದಳು. ಅದು ಸರಿಯಾಗಿಯೇ ಇತ್ತು.

*

ಆಗ ತಂಗಿ ಎರಡು ತಿಂಗಳ ಬಸುರಿ, ನಿಲ್ದಾಣದಲ್ಲಿ ಸಂಜೆ ಪಾಳಿ. ಅಕ್ಕ ಸಾಬೂನು ಕಾರ್ಖಾನೆಯ ಪ್ಯಾಕಿಂಗಿನಲ್ಲಿದ್ದಳು. ಅಲ್ಲಿ ಒಂದು ದಿನ ತಪ್ಪಿಸಿದರೆ ಮರುದಿನ ಆ ಜಾಗದಲ್ಲಿ ಬೇರೆಯವಳು ನಿಂತಿರುತ್ತಿದ್ದಳು. ಐದು ವರ್ಷದ ಮಗನನ್ನು ತಂಗಿಯ ಕೈಗೆ ಕೊಟ್ಟು ಬಾಗಿಲಲ್ಲೇ ಹಿಂತಿರುಗಿದಳು.

“ಅಕ್ಕ, ಇವನ ಮುಖದ ತುಂಬ ಏನೇ ಇದು?”

“ಬೆವರುಸಾಲೆ ಕಣೇ. ಸೆಖೆ ನೋಡು.”

“ಮೈ ಬಿಸಿ ಇದೆ.”

“ಬಿಸಿಲಲ್ಲಿ ನಡೆಸ್ಕೊಂಡು ಬಂದೆ.”

ಹಿಂದಿನ ದಿನವೇ ಶಾಲೆಯಿಂದ ಹುಡುಗನನ್ನು ವಾಪಸು ಕಳಿಸಿದ್ದರು. ಇದು ಜರ್ಮನ್ ದಡಾರ, ಬಸುರಿಯರ ಹತ್ತಿರ ಬಿಡಬೇಡಿ ಎಂದು ಟೀಚರು ಹೇಳಿದ್ದರು.

ತಂಗಿ ಅವನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಮಧ್ಯಾಹ್ನದವರೆಗೆ ಬೀಸಣಿಗೆ ಬೀಸಿದಳು. ಎರಡು ವಾರ ಕಳೆದು ಅವಳಿಗೂ ಸಣ್ಣ ಜ್ವರ, ಮೈಮೇಲೆ ಕೆಂಪು. ಬೆವರುಸಾಲೆ ಎಂದು ಪೌಡರ್ ಹಾಕಿಕೊಂಡು ಕೆಲಸಕ್ಕೆ ಹೋದಳು.

*

ಹೆರಿಗೆಯಾದ ವಾರಕ್ಕೆ ಡಾಕ್ಟರು ಅಕ್ಕತಂಗಿಯರನ್ನು ಕೂರಿಸಿಕೊಂಡು ಹೇಳಿದರು. ಮಗು ತೀರಾ ಸಣ್ಣದಿತ್ತು. ಎರಡು ಕಣ್ಣಿನಲ್ಲೂ ಹಾಲಿನ ಹನಿಯಂಥ ಪೊರೆ.

“ಮಾಸು ಅಂತ ಇರುತ್ತಲ್ಲ, ತಾಯಿಗೂ ಮಗುವಿಗೂ ನಡುವಿನ ಬಾಗಿಲು ಅದು. ಊಟ ಒಳಗೆ ಬಿಡುತ್ತೆ, ಎಷ್ಟೋ ರೋಗ ಹೊರಗೇ ನಿಲ್ಲಿಸುತ್ತೆ. ಜರ್ಮನ್ ದಡಾರದ ವೈರಸ್ಸು ಆ ಬಾಗಿಲಿಗೇ ಹಿಡಿದಿದೆ. ಮಾಸು ಕೆಟ್ಟು ಮಗು ಸೊರಗಿದೆ. ವೈರಸ್ಸು ಒಳಗೂ ದಾಟಿದೆ. ಕಣ್ಣು, ಕಿವಿ ಆಗ ತಾನೇ ಮೂಡ್ತಿದ್ವು.”

“ನನಗೆ ಎರಡೇ ದಿನ ಜ್ವರ ಇದ್ದದ್ದು, ಡಾಕ್ಟ್ರೇ.”

“ನಿಮಗೆ ಅಷ್ಟೇ. ಮನೇಲಿ ಬೇರೆ ಯಾರಿಗಾದ್ರೂ ಮೈಮೇಲೆ ಎದ್ದಿತ್ತಾ?”

ತಂಗಿ ಅಕ್ಕನ ಕಡೆ ತಿರುಗಿದಳು. ಅಕ್ಕ ಗೋಡೆಯ ಕ್ಯಾಲೆಂಡರು ನೋಡುತ್ತಿದ್ದಳು.

“ಇಲ್ಲ,” ಎಂದಳು ತಂಗಿ. “ಅಕ್ಕನ ಮಗನಿಗೆ ಬೆವರುಸಾಲೆ ಇತ್ತು, ಅಷ್ಟೆ.”

ಆ ಮಾತು ಮತ್ತೆಂದೂ ಅವರ ನಡುವೆ ಬರಲಿಲ್ಲ. ಮೈಕಮ್ಮ ಕೆಲಸ ಮುಗಿಸಿ ಬಂದು, ಮಗಳ ಅಂಗೈ ಕೊರಳಿಗಿಟ್ಟುಕೊಂಡು, ದಿನವಿಡೀ ಕೂಗಿದ್ದನ್ನೇ ಮೆಲ್ಲಗೆ ಹೇಳುತ್ತಿದ್ದಳು: ಪ್ರಯಾಣಿಕರ ಗಮನಕ್ಕೆ. ಗಂಟಲು ಗುಂಯ್ ಅಂದಾಗ ಹುಡುಗಿ ನಗುತ್ತಿದ್ದಳು.

*

ಮಣ್ಣು ಮಾಡಲು ಹೋದವರು ಇನ್ನೂ ಬಂದಿರಲಿಲ್ಲ. ಹುಡುಗಿ ಖಾಲಿ ಮಂಚವನ್ನು ಒಂದು ತುದಿಯಿಂದ ಇನ್ನೊಂದಕ್ಕೆ ಸವರಿದಳು. ದಿಂಬಿನ ಅಡಿಯಲ್ಲಿಯೂ ತಡಕಿದಳು. ಆಮೇಲೆ ಕೈ ಮುಂದೆ ಚಾಚಿ ನಡೆದಳು. ಚಾದರ ಮಡಿಸುತ್ತಿದ್ದ ದೊಡ್ಡಮ್ಮನ ತೋಳು ಸಿಕ್ಕಿತು. ಕೈ ತೋಳಿನಿಂದ ಭುಜಕ್ಕೆ, ಭುಜದಿಂದ ಕೊರಳಿಗೆ ಏರಿ ಅಲ್ಲಿ ನಿಂತಿತು.

ಅಷ್ಟರಲ್ಲಿ ಮಗ ಬಾಗಿಲಿಗೆ ಬಂದ. ಕಾಲಿಗೆ ಇನ್ನೂ ಮಣ್ಣಿತ್ತು. “ಅಮ್ಮ, ಆಶ್ರಮದವರಿಗೆ ಬರಬೇಡಿ ಅಂತ ಫೋನ್ ಮಾಡ್ಲಾ? ಹೂಂ ಅನ್ನು, ಇಲ್ಲ ಉಹೂಂ ಅನ್ನು.”

ದೊಡ್ಡಮ್ಮ ತುಟಿ ಬಿಗಿದು, ಉಸಿರನ್ನೂ ಹಿಡಿದು ನಿಂತಳು. ಹುಡುಗಿ ತಲೆ ಓರೆ ಮಾಡಿ ಕಾಯುತ್ತಿದ್ದಳು. ಬೆರಳುಗಳ ಅಡಿಯಲ್ಲಿ ನಾಡಿಯೊಂದೇ ಹೊಡೆದುಕೊಳ್ಳುತ್ತಿತ್ತು.